ಒಣಕೆರೆಯ ಐದು ಬಿಳಿ ಕಲ್ಲುಗಳು

ನನಗೆ ಸಂಬಳ ಬರುವುದೇ ಚಿಂತೆ ಮಾಡುವುದಕ್ಕೆ. ಕಟ್ಟಡಗಳ ನಕ್ಷೆ ಹರವಿಕೊಂಡು, ಬೆಂಕಿ ಬಿದ್ದರೆ ಜನ ಯಾವ ಬಾಗಿಲಿನಿಂದ ಹೊರಗೆ ಓಡಬೇಕು, ಆ ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ, ಅದರ ಮುಂದೆ ಯಾವ ಪುಣ್ಯಾತ್ಮ ಹಳೆಯ ಕಪಾಟು ತಂದಿಟ್ಟಾನೋ ಎಂದು ಯೋಚಿಸುವುದು ನನ್ನ ನೌಕರಿ. ಬೇರೆಯವರು ಐದು ಗಂಟೆಗೆ ಕೆಲಸವನ್ನು ಆಫೀಸಿನಲ್ಲೇ ಬಿಟ್ಟು ಬರುತ್ತಾರೆ. ನಾನು ಮನೆಗೆ ತಂದು ಮುಂದುವರಿಸುತ್ತೇನೆ. ರಿಕ್ಕರ್ಟನ್ನಿನ ನನ್ನ ಎರಡು ಕೋಣೆಯ ಮನೆಯಿಂದ ಹೊರಡುವ ಮುಂಚೆ ಒಲೆಯ ಗುಂಡಿಗಳನ್ನು ಮೂರು ಸಲ ಮುಟ್ಟಿ ನೋಡುತ್ತೇನೆ, ಆ ದಿನ ಒಲೆ ಹಚ್ಚದೇ ಇದ್ದರೂ.

ಮುಂಚೆ ಹೀಗೆ ಮುಟ್ಟುವಾಗ "ಮುಗೀತೇನ್ರಿ ನಿಮ್ಮ ಮಂಗಳಾರತಿ?" ಎಂದು ಬಾಗಿಲ ಹೊರಗಿನಿಂದ ಹೆಂಡತಿಯ ದನಿ ಬರುತ್ತಿತ್ತು. ಎರಡು ವರ್ಷದಿಂದ ಬರುವುದಿಲ್ಲ. ಮಗಳು ಓದಲು ಆಕ್ಲೆಂಡಿಗೆ ಹೋದಳು, ಹೆಂಡತಿಗೂ ಅಲ್ಲೇ ಕೆಲಸ ಸಿಕ್ಕಿತು, ಇಬ್ಬರೂ ನ್ಯೂ ಲಿನ್‌ನಲ್ಲಿ ರೈಲು ನಿಲ್ದಾಣದ ಹತ್ತಿರ ಮನೆ ಮಾಡಿದರು. ಬೇರೆ ಕೆಲಸ ಹುಡುಕಿಕೊಂಡು ಬರುತ್ತೇನೆ ಎಂದ ನಾನು ಇಲ್ಲೇ ಉಳಿದೆ. ನಮ್ಮಲ್ಲಿ ಜಗಳವೇನೂ ಇಲ್ಲ. ಇದ್ದಿದ್ದರೆ ಫೋನಿನಲ್ಲಿ ಮಾತಾಡಲು ಒಂದು ವಿಷಯವಾದರೂ ಇರುತ್ತಿತ್ತು.

ಆ ವರ್ಷದ ಎಳ್ಳಮಾವಾಸ್ಯೆಗೆ ನಾನು ಒಬ್ಬನೇ ಆದೆ. ನಮ್ಮ ಕಡೆ, ಅಂದರೆ ವಿಜಯಪುರದ ಕಡೆ, ಅವತ್ತು ಹೊಲಕ್ಕೆ ಹೋಗಲೇಬೇಕು. ಹೊಲದಲ್ಲಿ ಐದು ಕಲ್ಲು ಸಾಲಾಗಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತೇವೆ. ಅವರ ಬೆನ್ನ ಹಿಂದೆ ಆರನೆಯದೊಂದು ಕಲ್ಲು. ಅದು ಕಳ್ಳ. ಕಳ್ಳನಿಗೂ ಕುಂಕುಮವಿದೆ, ಆದರೆ ಕೊನೆಗೆ. ಆಮೇಲೆ ತಂದ ಅಡುಗೆಯಲ್ಲಿ ಒಂದಿಷ್ಟನ್ನು ಭೂಮಿತಾಯಿಗೆ ಚರಗವೆಂದು ನಾಲ್ಕು ದಿಕ್ಕಿಗೂ ಎರಚಿ, ಉಳಿದದ್ದನ್ನು ಎಲ್ಲರೂ ಸಾಲಾಗಿ ಕೂತು ಉಣ್ಣಬೇಕು. ಇಲ್ಲಿ ನಮ್ಮ ಕಡೆಯ ಇನ್ನೆರಡು ಮನೆಯವರ ಜೊತೆ ಪಾರ್ಕಿನ ಮೂಲೆಯಲ್ಲಿ ಅದನ್ನು ಕದ್ದುಮುಚ್ಚಿ ಮಾಡುತ್ತಿದ್ದೆವು. ಚರಗ ಎರಚಿದ ಕೂಡಲೇ ಊರಿನ ಸಮುದ್ರಹಕ್ಕಿಗಳೆಲ್ಲ ತಲೆಯ ಮೇಲೆ ಬಂದು ಕಿರುಚುತ್ತಿದ್ದವು. ನಾನು ಮಾತ್ರ ಕೌನ್ಸಿಲ್‌ನವರು ಬಂದಾರೆಂದು ರಸ್ತೆ ಕಾಯುತ್ತಿದ್ದೆ. ಆ ವರ್ಷ ಒಂದು ಮನೆಯವರು ನೆಲ್ಸನ್ ಕಡೆ ಬಾಚ್, ಅಂದರೆ ರಜೆಯ ಮನೆ, ಹಿಡಿದು ಕಡಲತೀರದಲ್ಲಿದ್ದರು. ಇನ್ನೊಂದು ಮನೆಯವರು ಮದುವೆಗೆಂದು ಹುಬ್ಬಳ್ಳಿಗೆ ಹೋಗಿದ್ದರು.

ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಏನಾದರೂ ಆದೀತು ಎಂಬ ಚಿಂತೆ. ಬೆಳಿಗ್ಗೆ ಎದ್ದು ಸಜ್ಜೆರೊಟ್ಟಿ ಬಡಿದೆ. ಅವು ಆಸ್ಟ್ರೇಲಿಯಾ ಖಂಡದ ಆಕಾರಕ್ಕೆ ಬಂದವು. ಹತ್ತು ಕಡುಬು ಮಾಡಿದೆ, ನಾಲ್ಕು ಬಾಯಿ ಬಿಟ್ಟವು. ಬದನೆಕಾಯಿ, ಶೇಂಗಾ ಚಟ್ನಿ, ಮೊಸರು ಎಲ್ಲ ಕಟ್ಟಿಕೊಂಡು, ಗುಂಡಿಗಳನ್ನು ಮೂರು ಸಲ ಮುಟ್ಟಿ, ಈ ಸಲ ಹಕ್ಕಿಯಿಲ್ಲದ ಹೊಲ ಹುಡುಕುತ್ತೇನೆಂದು ಕಾರು ಹತ್ತಿದೆ. ಮೂರು ತಾಸು ಒಳನಾಡಿಗೆ ಹೋದೆ.

ಮೆಕೆಂಝಿ ಬಯಲೆಂದರೆ ಬಯಲು ಅಷ್ಟೇ. ಮಳೆ ಬೆಟ್ಟದ ಆಚೆಯೇ ಸುರಿದು ಮುಗಿದಿರುತ್ತದೆ. ಈಚೆಗೆ ಬರುವುದು ಗಾಳಿ ಮಾತ್ರ. ಬೆಂದ ರೊಟ್ಟಿಯ ಬಣ್ಣದ ಹುಲ್ಲುಪೊದೆಗಳು, ನಡುನಡುವೆ ಏನೂ ಬೆಳೆಯದ ಬೋಳು ನೆಲ. ನಡೆದು ಹೋಗುವವರಿಗೆಂದು ಬಿಟ್ಟ ಒಂದು ದಾರಿ ಕಂಡು ಕಾರು ನಿಲ್ಲಿಸಿ, ಚೀಲ ಹಿಡಿದು ಒಳಗೆ ಹೋದೆ. ಐದು ನಿಮಿಷಕ್ಕೆ ಒಂದು ಒಣಗಿದ ಸಣ್ಣ ಕೆರೆ ಸಿಕ್ಕಿತು. ಬಾಣಲೆಯಂಥ ತಗ್ಗು, ಸುತ್ತ ಬಿರುಕುಬಿಟ್ಟ ಮಣ್ಣು. ಅದರ ನಡುವೆ ಐದು ಬಿಳಿ ಕಲ್ಲುಗಳಿದ್ದವು.

ನಾಲ್ಕಲ್ಲ, ಆರಲ್ಲ. ತೆಂಗಿನಕಾಯಿಗಿಂತ ದಪ್ಪ ಐದು ಕಲ್ಲು, ಬಿಳಿ ಬಳಿದವು, ಹೆಚ್ಚುಕಡಿಮೆ ಒಂದು ಸಾಲಿನಲ್ಲಿ. ಪ್ರತಿಯೊಂದರ ಹಿಂದೆಯೂ ಮಣ್ಣಿನಲ್ಲಿ ಎಳೆದ ಗೆರೆ.

ಯಾರೋ ನಮ್ಮವರು ಬಂದಿದ್ದಾರೆ. ಬೆಳಿಗ್ಗೆಯೇ ಬಂದು, ದಂಡೆಯಿಂದ ಕಲ್ಲು ಎಳೆದು ತಂದು, ಸುಣ್ಣ ಹಚ್ಚಿ, ಅರ್ಧಕ್ಕೇ ಯಾಕೋ ಹೋಗಿದ್ದಾರೆ. ಪಾತ್ರೆ ಮರೆತಿದ್ದಾರೋ, ಮಗು ಅತ್ತಿತೋ. ಇಷ್ಟು ದೊಡ್ಡ ಬಯಲಿನಲ್ಲಿ ನನ್ನ ಹಾಗೇ ಹೊಲ ಹುಡುಕಿಕೊಂಡು ಬಂದ ಇನ್ನೊಂದು ಮನೆಯವರಿದ್ದಾರೆ! ಸುತ್ತ ನೋಡಿದೆ. ಬೇರೆಯವರ ಕಾರಿರಲಿಲ್ಲ. "ಯಾರರೆ ಅದೀರೇನ್ರಿ?" ಎಂದು ಕೂಗಿದೆ. ನನ್ನ ದನಿ ಗಾಳಿಯಲ್ಲಿ ಹತ್ತು ಮಾರೂ ಹೋಗಲಿಲ್ಲ.

ಬರುವವರೆಗೆ ಅವರ ಕೆಲಸ ಮುಂದುವರಿಸೋಣ ಎನಿಸಿತು. ದೇವರ ಹತ್ತಿರ ಹೋಗುವುದೆಂದು ಚಪ್ಪಲಿ ಬಿಟ್ಟೆ. ಹಿಂದಿನ ವಾರ ಎಲ್ಲೋ ನಾಲ್ಕು ಹನಿ ಬಿದ್ದಿತ್ತೇನೋ, ಮಣ್ಣು ಹಪ್ಪಳದ ಹಿಟ್ಟಿನ ಹಾಗೆ ಅರೆಬರೆ ಆರಿತ್ತು. ಕಾಲಿಟ್ಟಲ್ಲೆಲ್ಲ ಬೆರಳು ಮೂಡುತ್ತಿತ್ತು. ಅಲ್ಲೊಂದು ಕಬ್ಬಿಣದ ಗೂಟ ನೆಟ್ಟಿದ್ದರು, ಚೀಲವನ್ನು ಅದಕ್ಕೆ ತೂಗುಹಾಕಿದೆ. ಪಾಂಡವರು ಬಹಳ ಸೊಟ್ಟಗಿದ್ದರು. ನಡುವಿನವನಂತೂ, ನನ್ನ ಎಣಿಕೆಯಲ್ಲಿ ಅರ್ಜುನ, ಉಳಿದವರನ್ನು ಬಿಟ್ಟು ಗೂಟದ ಹತ್ತಿರ ಹೋಗಿ ಕೂತಿದ್ದ. ಎತ್ತಲು ಹೋದರೆ ಸೊಂಟ ಹಿಡಿಯಿತು. ಎಳೆದುಕೊಂಡೇ ಬಂದೆ, ಅವನದೇ ಗೆರೆಯ ಮೇಲೆ. ಐವರನ್ನೂ ದಾರ ಹಿಡಿದ ಹಾಗೆ ಸಾಲಾಗಿ ಕೂರಿಸಿದೆ. ಬೆಂಕಿಯ ಬಾಗಿಲುಗಳ ನಕ್ಷೆ ನೋಡುವವನ ಕಣ್ಣು, ಒಂದು ಬೆರಳಷ್ಟೂ ಹೆಚ್ಚುಕಡಿಮೆ ಬರಲಿಲ್ಲ. ದೂರದಲ್ಲಿ ಬಿಳಿ ಬಳಿಯದ ಚಿಕ್ಕ ಕರಿಯ ಕಲ್ಲೊಂದಿತ್ತು, ಅದಕ್ಕೂ ತನ್ನದೊಂದು ಗೆರೆ. ಅದನ್ನು ಹೊತ್ತು ತಂದು ಹಿಂದೆ ಕಳ್ಳನನ್ನಾಗಿ ಕೂರಿಸಿದೆ. ಕುಂಕುಮ ಹಚ್ಚಿದೆ, ಮೂರು ಸುತ್ತು ಬಂದೆ, ಚರಗ ಎರಚಿದೆ. ಊರಲ್ಲಿ ಎದೆ ಬಿರಿಯುವಂತೆ ಕೂಗುವ "ಹುಲ್ಲುಲ್ಲಿಗೋ" ಎಂಬುದನ್ನು ಅರ್ಧ ದನಿಯಲ್ಲಿ ಹೇಳಿದೆ.

ಆಮೇಲೆ ಅವರಿಗಾಗಿ ಕಾದೆ. ಊಟಕ್ಕೆ ಕೂರಲಿಲ್ಲ, ಬಂದವರ ಜೊತೆ ಸಾಲಾಗಿ ಕೂತು ಉಂಡರಾಯಿತು ಎಂದುಕೊಂಡೆ. ಯಾವ ಊರಿನವರೋ, ಬಾಗಲಕೋಟೆಯವರಾದರೆ ನನ್ನ ರೊಟ್ಟಿ ನೋಡಿ ನಗುತ್ತಾರೆ ಎಂದು ಚೂರು ನಾಚಿಕೆಯೂ ಆಯಿತು. ಎರಡು ತಾಸು, ಎರಡೂವರೆ. ಕೊನೆಗೆ ಒಬ್ಬನೇ ಉಂಡು, ಬಾಯಿ ಬಿಡದ ಕಡುಬುಗಳಲ್ಲಿ ನಾಲ್ಕನ್ನು ಕಾಗದದ ತಟ್ಟೆಯಲ್ಲಿ ಮುಚ್ಚಿ, ಮೇಲೆ ಒಂದು ಹೆಂಟೆ ಹೇರಿ, ಅವರಿಗೆಂದು ಇಟ್ಟು ಹೊರಟೆ.

ರಿಕ್ಕರ್ಟನ್ ತಲುಪುವ ಮುಂಚೆಯೇ ಚಿಂತೆ ಶುರುವಾಯಿತು. ಆ ಜಾಗ ಯಾರದ್ದೋ. ಅಪ್ಪಣೆ ಇಲ್ಲದೆ ಹೋದೆ, ಕಡುಬು ಚೆಲ್ಲಿದೆ. ಈ ದೇಶದಲ್ಲಿ ವಿಮಾನ ಇಳಿದವರ ಬೂಟಿನ ಮಣ್ಣನ್ನೂ ತೊಳೆದು ಒಳಗೆ ಬಿಡುತ್ತಾರೆ. ಪೌರತ್ವ ಸಿಕ್ಕು ಎಷ್ಟೋ ವರ್ಷವಾದವನು, ಕಡುಬಿನ ಕಾರಣಕ್ಕೆ ಅದನ್ನು ವಾಪಸು ಕೇಳುತ್ತಾರೆಯೇ ಎಂದು ಯೋಚಿಸಿದೆ. ಅಂದಿನಿಂದ ದಿನಾ ಆ ಭಾಗದ ಊರಿನವರ ಆನ್‌ಲೈನ್ ಗುಂಪು ತೆರೆದು, ಅನುಮಾನಾಸ್ಪದ ವ್ಯಕ್ತಿಯ ಬಗ್ಗೆ ಯಾರಾದರೂ ಬರೆದಿದ್ದಾರೆಯೇ ಎಂದು ನೋಡತೊಡಗಿದೆ. ಕಳೆದುಹೋದ ನಾಯಿಗಳು, ಮಾರಾಟಕ್ಕಿರುವ ಯೂಟ್‌ಗಳು, ಅಂದರೆ ಹಿಂದೆ ಸಾಮಾನು ಹೇರುವ ತೆರೆದ ಗಾಡಿಗಳು. ಹನ್ನೆರಡನೆಯ ದಿನ ನನ್ನ ಕಾಲು ಕಾಣಿಸಿತು.

ನನ್ನದೇ. ಎಡಗಾಲಿನ ಕಿರುಬೆರಳು ಹೊರಗೆ ಓಡುವುದು ನಮ್ಮ ಮನೆತನದ ಗುರುತು. ಮಣ್ಣಿನಲ್ಲಿ ಮೂಡಿದ ಆ ಹೆಜ್ಜೆಯ ಫೋಟೋದ ಕೆಳಗೆ ಬರೆದಿತ್ತು: ನಮ್ಮ ಒಣಕೆರೆಯಲ್ಲಿ ಬರಿಗಾಲಲ್ಲಿ ನಡೆದವರು ಯಾರೇ ಇರಲಿ, ದಯವಿಟ್ಟು ಬಂದು ಕಾಣಿ. ಸಿಟ್ಟಿಲ್ಲ. ಒಂದೇ ಪ್ರಶ್ನೆ ಕೇಳಬೇಕಿದೆ. ಅದರ ಕೆಳಗೆ ಊರಿನವರ ವಾದ. ಯೋಗದವರು ಎಂದು ಒಬ್ಬರು. ಕುಡಿದವರು ಎಂದು ಇನ್ನೊಬ್ಬರು. ಕುಡಿದವರು ಇಷ್ಟು ನೆಟ್ಟಗೆ ಕಲ್ಲು ಜೋಡಿಸುವುದಿಲ್ಲ ಎಂದು ಮತ್ತೊಬ್ಬರು. ಓದಿ ಒಂದು ಕ್ಷಣ ಹೆಮ್ಮೆಯಾಯಿತು ಎಂದು ಹೇಳಲೇಬೇಕು.

ಹೆಂಡತಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವಳು ಉಸಿರುಕಟ್ಟುವಷ್ಟು ನಕ್ಕಳು.

"ಪೊಲೀಸರಿಗೆ ಕೊಟ್ರ ಏನ್ ಮಾಡೂದು?" ಎಂದೆ.

"ಏನಂತ ಕೊಡ್ತಾರ? ಅರ್ಜುನನ್ನ ಎಳದ್ರು ಅಂತ?"

"ನಿನಗ ಚಾಷ್ಟಿ."

ಹಿಂದಿನಿಂದ ಮಗಳ ದನಿ ಬಂತು. "ಡ್ಯಾಡ್, ಹೀ ಸೆಡ್ ಹೀ ಈಸಂಟ್ ಆ್ಯಂಗ್ರಿ. ಜಸ್ಟ್ ಗೋ."

"ಹೋಗಿ ಬರ್ರಿ," ಎಂದಳು ಹೆಂಡತಿ, ನಗು ನಿಲ್ಲಿಸಿ. "ಯಾರರೆ ನಿಮ್ಮನ್ನ ಇಷ್ಟು ಹುಡುಕ್ಯಾರಲ್ಲ, ಅದಕ್ಕರೆ ಹೋಗ್ರಿ."

ಬರುತ್ತೇನೆಂದು ಆ ಫೋಟೋ ಹಾಕಿದವರಿಗೆ ಬರೆದು, ಮುಂದಿನ ಶನಿವಾರ ಹೋದೆ. ಕೆರೆಯ ದಂಡೆಯಲ್ಲಿ ಒಂದು ಹಳೆಯ ಯೂಟ್ ನಿಂತಿತ್ತು. ಅದರ ಹಿಂದಿನ ಹಲಗೆ ಬಿಚ್ಚಿ ವಯಸ್ಸಾದವರೊಬ್ಬರು ಕೂತಿದ್ದರು. ಉದ್ದ ಆಳು, ಕೈಯಲ್ಲಿ ಕೋಲು, ಪಕ್ಕದಲ್ಲಿ ಅಳತೆಯ ಟೇಪು ಮತ್ತು ಒಂದು ಹಳೆಯ ನೋಟುಬುಕ್ಕು. ಅವರು ಮಾತಾಡಿದ್ದು ಅವರ ಇಂಗ್ಲಿಷು. ಆದರೆ ನನ್ನ ನೆನಪಿನಲ್ಲಿ ಅವರು ನಮ್ಮ ಕಡೆಯ ಹಿರಿಯರ ಹಾಗೆಯೇ ಮಾತಾಡುತ್ತಾರೆ, ತಿದ್ದಲು ಹೋಗಿಲ್ಲ.

"ಕಾಲು ತೋರಿಸು," ಎಂದರು. ನಾನು ನಿಜವಾಗಿಯೂ ಬೂಟು ಬಿಚ್ಚಲು ಬಗ್ಗಿದೆ. "ಏ, ಚಾಷ್ಟಿ ಮಾಡಿದೆ ತಮ್ಮಾ, ಕೂಡು."

ಕೂತು ಎಲ್ಲ ಹೇಳಿದೆ. ಪಾಂಡವರು, ಸುಣ್ಣ, ಚರಗ, ಬಾರದ ಮನೆಯವರು, ಕಡುಬು. ಅವರು ನಡುವೆ ಬಾಯಿ ಹಾಕದೆ ಕೇಳಿದರು.

"ಆ ಕರೀ ಕಲ್ಲು?"

"ಅದು ಕಳ್ಳ."

"ಕದ್ದವ ನೀನು, ಕಳ್ಳ ಅನ್ನೂ ಹೆಸರು ಅದಕ್ಕ? ಗೆರೆ ಐತಿ, ಗೆರೆಯ ತುದಿಗೆ ಕಲ್ಲಿಲ್ಲ. ನಾಕು ದಿನ ನನಗ ಹುಚ್ಚು ಹಿಡಿಯೂದೊಂದು ಬಾಕಿ ಇತ್ತು."

ಆಮೇಲೆ ಅವರು ತಮ್ಮ ಕತೆ ಹೇಳಿದರು. ಬಹಳ ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಆ ಗೆರೆಗಳನ್ನು ಕಂಡರು. ಕಲ್ಲುಗಳು ತಾವಾಗಿಯೇ ನಡೆದ ಹಾಗೆ. ಹೆಂಡತಿ ಮೊಲ ಎಂದರು, ಇವರು ಗಾಳಿ ಎಂದರು. ಕಲಿತವರೊಬ್ಬರು ಬಂದಾಗ ಕೇಳಿದರೆ, ಎರಡೂ ಅಲ್ಲ, ಚಳಿಗಾಲದಲ್ಲಿ ಕೆರೆಯಲ್ಲಿ ಎರಡು ಬೆರಳು ನೀರು ನಿಂತು, ಬೆಳಗಿನ ಜಾವ ಗಾಜಿನ ಹಾಗೆ ಹೆಪ್ಪುಗಟ್ಟುತ್ತದೆ, ಬಿಸಿಲಿಗೆ ಆ ಗಾಜು ಒಡೆದು ಗಾಳಿಗೆ ತೇಲುವಾಗ ಮುಂದಿದ್ದ ಕಲ್ಲನ್ನು ಕೆಸರಿನ ಮೇಲೆ ತಳ್ಳಿಕೊಂಡು ಹೋಗುತ್ತದೆ ಎಂದರಂತೆ.

"ನೋಡೀರೇನು?"

"ಎಲ್ಲಿ ನೋಡೂದು? ಹನ್ನೊಂದು ಚಳಿಗಾಲ ಫ್ಲಾಸ್ಕಿನಾಗ ಚಹಾ ಹಾಕ್ಕೊಂಡು ಇಲ್ಲೇ ಕುಂತೇವಿ. ನಾವಿದ್ದಾಗ ಒಂದೂ ಹಂದಾಡಿಲ್ಲ. ಮನಿಗೆ ಹೋಗಿ ಬಂದ್ರ ಸರದಿರತಾವ."

ಹಾಗಾಗಿ ಅವರು ಐದು ಕಲ್ಲುಗಳಿಗೆ ಬಿಳಿ ಬಣ್ಣ ಬಳಿದು ಸಾಲಾಗಿ ಇಟ್ಟರು. ಪ್ರತಿ ಜನವರಿಯಲ್ಲಿ, ಅಂದರೆ ಇಲ್ಲಿಯ ನಡುಬೇಸಿಗೆಯಲ್ಲಿ, ಮಣ್ಣು ಪೂರ್ತಿ ಆರಿ, ಹೆಜ್ಜೆ ಮೂಡದಷ್ಟು ಗಟ್ಟಿಯಾದ ಮೇಲೆ ಬಂದು ಅಳೆಯುತ್ತಿದ್ದರು. ನಡುವಿನ ಕಲ್ಲು ಎಲ್ಲಕ್ಕಿಂತ ಚುರುಕು. ಅದರ ಮುಂದೆ ಕಬ್ಬಿಣದ ಗೂಟ ಹೊಡೆದು ಪಂಥ ಕಟ್ಟಿದರು. ಇಲ್ಲಿಂದ ಮನೆ ಮಠ ಬಿಟ್ಟು ಹೋಗುವುದರೊಳಗೆ ಕಲ್ಲು ಗೂಟ ದಾಟುತ್ತದೋ ಇಲ್ಲವೋ. ಸೋತವರು ಜೀವ ಇರುವತನಕ ಮುಂಜಾನೆಯ ಚಹಾ ಮಾಡಬೇಕು. ತೀರ್ಮಾನವಾಗದೆ ದಿನ ಬಿಟ್ಟು ದಿನ ಮಾಡುತ್ತಿದ್ದರಂತೆ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಹೋದ ಜನವರಿಯಲ್ಲಿ ಕಲ್ಲಿಗೂ ಗೂಟಕ್ಕೂ ಎರಡು ಗೇಣು ಅಂತರ ಉಳಿದಿತ್ತು. ಈಗ ಜಮೀನು ಮಾರಿಯಾಗಿದೆ. ಏಪ್ರಿಲ್‌ನಲ್ಲಿ ಅವರು ಸಮುದ್ರದ ಕಡೆಯ ಊರಿಗೆ, ವಯಸ್ಸಾದವರಿಗೆಂದು ಕಟ್ಟಿದ ಮನೆಗಳಲ್ಲೊಂದಕ್ಕೆ ಹೋಗುತ್ತಾರೆ. ಕೊಂಡವರು ನೀರಾವರಿ ತಂದು ಇಡೀ ಬಯಲಿಗೆ ಹುಲ್ಲು ಬಿತ್ತುತ್ತಾರೆ.

ನನಗೆ ತಡೆಯಲಾಗಲಿಲ್ಲ. "ಐದೇ ಯಾಕ್ರಿ?" ಎಂದು ಕೇಳಿದೆ. ಯಾವ ಉತ್ತರಕ್ಕೆ ಆಸೆಪಟ್ಟೆನೋ ಗೊತ್ತಿಲ್ಲ.

"ಆಕೀ ಕೈಗಾಡಿಗೆ ಐದ ಹಿಡದ್ವು."

ನಾವು ಇಳಿದು ಹೋಗಿ ನೋಡಿದೆವು. ನಾಲ್ಕು ಕಲ್ಲುಗಳ ಗೆರೆ ಎಲ್ಲಿ ಮುಗಿದಿತ್ತೆಂದು ಚೆನ್ನಾಗಿ ಕಾಣುತ್ತಿತ್ತು. ಅವರು ಟೇಪು ಹಿಡಿದು ಅಳೆದು ಬರೆದುಕೊಂಡರು. ಕರಿಯ ಕಲ್ಲನ್ನು ನಾನೇ ಹೊತ್ತು ಅದರ ಗೆರೆಯ ತುದಿಗೆ ಇಟ್ಟು ಬಂದೆ. ನಡುವಿನದರ ಗೆರೆ ಮಾತ್ರ ಇರಲೇ ಇಲ್ಲ. ಅದನ್ನು ಎಳೆದು ತಂದ ಗುರುತು, ಅದರ ಮೇಲೆ ಮೂರು ಸುತ್ತಿನ ಹೆಜ್ಜೆ, ಗೂಟದ ಸುತ್ತ ಚೀಲ ಹಾಕಲು ತೆಗೆಯಲು ತುಳಿದದ್ದು. ಎಮ್ಮೆ ಹೊರಳಿದ ಹಾಗಿತ್ತು. ಎಲ್ಲ ನನ್ನದೇ ಕಾಲು, ಕಿರುಬೆರಳು ಸಮೇತ.

"ಅದಕ್ಕ ನಿನ್ನ ಹುಡುಕಿದ್ದು," ಎಂದರು. "ನೀ ಎಳಿಯೂ ಮುಂಚೆ ಅದು ಎಲ್ಲಿತ್ತು? ಗೂಟದ ಆಚೆ ಇತ್ತೋ, ಈಚೆ ಇತ್ತೋ? ಅಷ್ಟ ಹೇಳು."

ನಾನು ಕಣ್ಣು ಮುಚ್ಚಿದೆ. ಚೀಲ ಕಂಡಿತು. ಚೀಲದ ಹಿಡಿಕೆಯ ಮೇಲಿದ್ದ ಚಟ್ನಿಯ ಎಣ್ಣೆ ಕಂಡಿತು. ಸೊಂಟ ಹಿಡಿದದ್ದು ನೆನಪಾಯಿತು. ಕಲ್ಲು ಗೂಟದ ಹತ್ತಿರವಿತ್ತು, ಬಹಳ ಹತ್ತಿರ. ಆಚೆಯೋ ಈಚೆಯೋ? ಜೀವನವೆಲ್ಲ ಬಾಗಿಲು ಒಳಕ್ಕೋ ಹೊರಕ್ಕೋ ಎಂದು ನೋಡಿದವನು ಇದನ್ನೊಂದು ನೋಡಿರಲಿಲ್ಲ. ಅವತ್ತು ನನಗೆ ಕಂಡದ್ದು ಸಾಲು ಸೊಟ್ಟಗಿದೆ ಎಂಬುದು ಮಾತ್ರ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಚಳಿಯಲ್ಲಿ ಬಂದು ಕೂತು, ಚಹಾ ಸುರಿದು, ಇವತ್ತಾದರೂ ಹೋಗು ಎಂದು ಕಲ್ಲಿಗೆ ಹೇಳುವ ಹೆಂಗಸೊಬ್ಬಳು ನನ್ನ ಕಣ್ಣ ಮುಂದೆ ಬಂದಳು. ಸತ್ತವರ ಆಸೆ ಯಾವಾಗಲೂ ದಾಟುವುದರ ಕಡೆಗೇ ಇರುತ್ತದೆ ಎಂದು ನಾನು ಎಲ್ಲಿಂದ ಕಲಿತೆನೋ. ಪಂಥ ಆಕೆ ಗೆಲ್ಲಲಿ, ಈ ಮನುಷ್ಯ ನೆಮ್ಮದಿಯಿಂದ ಊರು ಬಿಡಲಿ ಎನಿಸಿತು.

"ದಾಟಿತ್ತು," ಎಂದೆ. "ಒಂದು ಗೇಣು ಆಚೆ ಇತ್ತು."

ಅವರು ಬರೆದುಕೊಳ್ಳಲಿಲ್ಲ. ಪೆನ್ನನ್ನು ಅಂಗಿಯ ಜೇಬಿಗೆ ಹಾಕಿ, ಗೂಟದ ಮೇಲೆ ಕೈಯಿಟ್ಟು ನಿಂತರು.

"ಹಂಗಾದ್ರ ನಾನ ಗೆದ್ದೆ."

"ನೀವಾ?"

"ದಾಟತೈತಿ ಅಂದಾವ ನಾನು. ದಾಟೂದಿಲ್ಲ, ನೀ ಏನರೆ ಹೇಳು, ಅದು ದಾಟೂದಿಲ್ಲ, ಅಂದಾಕಿ ಆಕಿ. ಹಟಮಾರಿ. ಹನ್ನೊಂದು ವರ್ಷ ಒಂದ ಮಾತು." ಅವರು ಮೂಗು ಒರೆಸಿಕೊಂಡರು. "ಗೆದ್ದು ಏನ್ ಮಾಡ್ಲಿ? ಚಹಾ ಯಾರು ಮಾಡವರು?"

ನಾನು ಜೀವನದಲ್ಲಿ ಲೆಕ್ಕವಿಲ್ಲದಷ್ಟು ಚಿಂತೆ ಮಾಡಿದ್ದೇನೆ. ಆದರೆ ಒಬ್ಬ ಮನುಷ್ಯನಿಗೆ ಕೆಟ್ಟದ್ದು ಮಾಡಿ, ಅದನ್ನು ಕಣ್ಣೆದುರಿಗೇ ನೋಡಿದ್ದು ಅದೇ ಮೊದಲು.

"ನಾ ಸುಳ್ಳು ಹೇಳಿದೆ," ಎಂದೆ.

"ಏನು?"

"ದಾಟಿತ್ತು ಅಂದದ್ದು ಸುಳ್ಳು."

"ಅಂದ್ರ ದಾಟಿರಲಿಲ್ಲ?"

"ಅದೂ ಗೊತ್ತಿಲ್ಲ."

"ಮತ್ತ ನಿನಗ ಗೊತ್ತಿರೂದರೆ ಏನು?"

"ಗೂಟಕ್ಕ ಚೀಲ ಹಾಕಿದ್ದು ಗೊತ್ತು. ಕಲ್ಲು ಹತ್ರನ ಇತ್ತು. ಆಚೆ ಈಚೆ ನೋಡಲಿಲ್ಲ. ಅವರು ಗೆಲ್ಲಲಿ ಅಂತ ಹೇಳಿಬಿಟ್ಟೆ. ತಪ್ಪಾತು."

ಬೈಗುಳಕ್ಕೆ ತಯಾರಾಗಿ ನಿಂತೆ. ಗಾಳಿ ನೋಟುಬುಕ್ಕಿನ ಹಾಳೆಗಳನ್ನು ಪಟಪಟ ತಿರುವುತ್ತಿತ್ತು. ಅವರು ನನ್ನನ್ನು, ಆಮೇಲೆ ತುಳಿದ ಮಣ್ಣನ್ನು, ಆಮೇಲೆ ನಾನು ಅಷ್ಟು ನೆಟ್ಟಗೆ ಜೋಡಿಸಿದ್ದ ಸಾಲನ್ನು ನೋಡಿದರು. ಮೂಗಿನಿಂದ ಒಂದು ಸದ್ದು ಬಂತು. ಅದು ನಗುವೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಖರೇನ ಗೊತ್ತಿಲ್ಲ?"

"ಖರೇನ ಇಲ್ಲ."

"ಇನ್ನೊಬ್ಬರಿಗೂ ಗೊತ್ತಿಲ್ಲ."

"ಯಾರಿಗೂ ಇಲ್ಲ."

"ಹಂಗಾದ್ರ ಆಕಿ ಇನ್ನೂ ಸೋತಿಲ್ಲ," ಎಂದರು. ಪೆನ್ನು ತೆಗೆದು, ನಡುವಿನ ಕಲ್ಲಿನ ಸಾಲಿನಲ್ಲಿ, ಅಂಕಿಗಳೇ ತುಂಬಿದ್ದ ಆ ಪುಟದಲ್ಲಿ, 'ಗೊತ್ತಿಲ್ಲ' ಎಂದು ಬರೆದರು. ಬರೆದದ್ದನ್ನು ಒಮ್ಮೆ ಓದಿಕೊಂಡು ಬುಕ್ಕು ಮುಚ್ಚಿದರು.

ಯೂಟಿನ ಹತ್ತಿರ ಬಂದಾಗ, ನಾನು ಇಟ್ಟು ಹೋಗಿದ್ದ ಕಡುಬುಗಳಲ್ಲಿ ಒಂದನ್ನು ತಿಂದದ್ದಾಗಿ ಹೇಳಿದರು. ಎಷ್ಟು ದಿನದ್ದೋ ಏನೋ, ವಾಸನೆ ನೋಡಿ ತಿಂದೆ ಎಂದರು. ನಾನು ಕೂಡಲೇ ದಿನ ಎಣಿಸಿ, ಹೊಟ್ಟೆ ಏನಾದರೂ ಕೆಟ್ಟಿತ್ತೇ ಎಂದು ಕೇಳಿದೆ. ಅವರು ಟೇಪು ಸುತ್ತತೊಡಗಿದರು. ಮುಂದಿನ ಚಳಿಗಾಲಕ್ಕೆ ಹುಲ್ಲು ಬಿತ್ತುವ ಮುಂಚೆ ನಾನು ಒಮ್ಮೆ ಬಂದು ನೋಡಲೇ ಎಂದು ಕೇಳುವ ಮನಸ್ಸಿತ್ತು. ಬಾ ಎಂದರೆ ಬರಬೇಕಾಗುತ್ತದೆ, ಬೇಡ ಎಂದರೆ ಮೂರು ತಾಸು ಅದನ್ನೇ ಯೋಚಿಸುತ್ತ ಕಾರು ಓಡಿಸಬೇಕಾಗುತ್ತದೆ. ಕೇಳಲಿಲ್ಲ. ಕೈ ಕುಲುಕಿ ಹೊರಟೆ.

ದಾರಿಯ ಗೇಟನ್ನು ಹಾಕಿ, ಅಗುಳಿ ಸರಿಯಾಗಿ ಬಿದ್ದಿದೆಯೇ ಎಂದು ಮೂರು ಸಲ ಅಲುಗಿಸಿ, ತಿರುಗಿ ನೋಡಿದೆ. ಅವರು ಮತ್ತೆ ಕೆರೆಯೊಳಗೆ ಇಳಿದು ಹೋಗಿದ್ದರು. ಸಾಲಿನ ನಡುವಿನ ಕಲ್ಲಿನ ಹತ್ತಿರ ಬಗ್ಗಿ ನಿಂತಿದ್ದರು, ಕೋಲಿನ ತುದಿ ಕಲ್ಲಿಗೆ ತಾಗಿತ್ತು. ಅದನ್ನು ಗೂಟದ ಕಡೆಗೆ ತಳ್ಳುತ್ತಿದ್ದರೋ, ಹಿಂದಕ್ಕೆ ಸರಿಸುತ್ತಿದ್ದರೋ, ಸುಮ್ಮನೆ ಅದಕ್ಕೆ ಕೋಲು ಊರಿ ದಣಿವಾರಿಸಿಕೊಳ್ಳುತ್ತಿದ್ದರೋ, ಅಷ್ಟು ದೂರದಿಂದ ತಿಳಿಯಲಿಲ್ಲ. ಈ ಸಲ ಬೇಕೆಂದೇ ಹೆಚ್ಚು ಹೊತ್ತು ನೋಡದೆ ಕಾರು ಹತ್ತಿದೆ.